ನೀಲಿ ಬಳಿದ ಗೋರಿ

ಕ್ರಿಸ್ಪಿನ್ ಕುಂಚ ಅದ್ದಿ ಅದ್ದಿ ತಮ್ಮ ಅನಾಕ್ಲೆತೋನ ಇನ್ನೂ ಖಾಲಿಯಿದ್ದ ಗೋರಿಗೆ ನೀಲಿ ಬಳಿಯುತ್ತಿದ್ದ. ಎಂಥಾ ನೀಲಿ ಅಂತೀರಿ, ಅದನ್ನು ಕಂಡು ಮೇಲಿನ ಆಕಾಶ ಮೋಡದ ಮುಸುಕು ಹಾಕಿಕೊಂಡಿತು. ಸಾನ್ ಎಲಾದಿಯೋದಲ್ಲಿ ಮನುಷ್ಯ ಹುಟ್ಟುವ ಮೊದಲೇ ಪಕ್ಷ ಸೇರಿರುತ್ತಾನೆ, ಸತ್ತ ಮೇಲೂ ಬಿಡುವುದಿಲ್ಲ. ನೀಲಿ ಪಕ್ಷದ ಮನೆತನಕ್ಕೆ ನೀಲಿ ಗೋರಿ, ಕೆಂಪಿನವರಿಗೆ ಕೆಂಪು. ಸ್ಮಶಾನದ ನಾಯಿಗಳೂ ಬಣ್ಣ ನೋಡಿಯೇ ಕಾಲೆತ್ತುತ್ತವೆ.

ಅನಾಕ್ಲೆತೋ ಮಾತ್ರ ಕಾಯಿಲೆ ಬಿದ್ದಾಗ ಅಣ್ಣನ ಕೈ ಹಿಡಿದು, ನನಗೆ ಯಾವ ಬಣ್ಣವೂ ಬೇಡ, ಸುಣ್ಣ ಸಾಕು ಎಂದಿದ್ದ. ಕ್ರಿಸ್ಪಿನ್ ಆಗಲಿ ಎಂದಿದ್ದ. ಆದರೆ ದಕ್ಷಿಣದ ಚಳಿ ಸಮುದ್ರದ ಮಲ್ವಿನಾಸ್ ದ್ವೀಪಗಳ ಯುದ್ಧದಲ್ಲಿ ಕಾದಿದ ವೀರನ ಮಣ್ಣಿಗೆ ತಾವೇ ಬಂದು ಭಾಷಣ ಮಾಡುವುದಾಗಿ ಪಕ್ಷದ ಮುಖಂಡರು ಇವತ್ತು ಬೆಳಗ್ಗೆ ಹೇಳಿಕಳಿಸಿದ್ದರು. ನಲವತ್ತು ವರ್ಷ ಅವರ ಬಾವುಟ ಹೊತ್ತ ಹೆಗಲು ಕ್ರಿಸ್ಪಿನ್ನನದು. ಕೈ ತಾನಾಗಿ ನೀಲಿ ಡಬ್ಬಿಗೆ ಹೋಯಿತು.

*

ಅನಾಕ್ಲೆತೋ ಮೀಸೆ ಮೂಡುವ ವಯಸ್ಸಿಗೆ ಯುದ್ಧಕ್ಕೆ ಹೊರಟಾಗ ಬ್ಯಾಂಡಿನವರು ಊದಿದ ರಭಸಕ್ಕೆ ಪರಾನಾ ನದಿ ಹಿಂದಕ್ಕೆ ಹರಿದಿತ್ತು. ಸೋತು ಮರಳಿದ ದಿನ ಸೈನ್ಯದ ದೊಡ್ಡವರು ಲಾರಿಯ ಟಾರ್ಪಾಲನ್ನು ಸುತ್ತಲೂ ಬಿಗಿದು ಕಟ್ಟಿಸಿದ್ದರು, ಊರಿನವರು ಹುಡುಗರ ಮುಖ ನೋಡಬಾರದೆಂದು. ಆಮೇಲೆ ಬಂದ ಮುಖಂಡರು ಚುನಾವಣೆಗೊಮ್ಮೆ ಅವನಿಗೆ ಪದಕ ತೊಡಿಸಿ ವೇದಿಕೆ ಹತ್ತಿಸುವರು, ಮರುದಿನ ಔಷಧಿಗೆಂದು ಹೋದರೆ ಬಾಗಿಲಲ್ಲೇ ನಿಲ್ಲಿಸುವರು. ಪ್ರತಿಸಲ ಅವನನ್ನು ಪುಸಲಾಯಿಸಿ ಕರೆತರುತ್ತಿದ್ದವನು ಕ್ರಿಸ್ಪಿನ್.

ಕೊನೆಯ ಸಲ ತಮ್ಮ ಕೇಳಿದ್ದ: "ಅವತ್ತು ಮುಚ್ಚಿಟ್ರು, ಇವತ್ತು ಮೆರೆಸ್ತಾರೆ. ನಾನೇನು ಅವ್ರ ಪಂದ್ಯದ ಕುದುರೇನಾ ಅಣ್ಣಾ?"

*

ಪೆಟ್ಟಿಗೆಯನ್ನು ಹೊತ್ತು ತಂದವರು ಯುದ್ಧದ ನಾಲ್ವರು ಗೆಳೆಯರು. ಗೋರಿ ಕಂಡದ್ದೇ ನಿಂತುಬಿಟ್ಟರು. ಅನಾಕ್ಲೆತೋನ ಹೆಂಡತಿ ನಿಲ್ದಾ ಹಸಿ ಬಣ್ಣವನ್ನು ನೋಡಿದಳು, ಭಾವನ ಕೈಯನ್ನೂ ನೋಡಿದಳು.

"ಇಲ್ಲಿ ಬೇಡ ಭಾವ."

"ಮುಖಂಡರು ದಾರೀಲಿದಾರೆ ಕಣಮ್ಮ. ಈಗ ಹೇಗೆ..."

"ಗೋರಿ ಅವ್ರಿಗೇ ಚೆನ್ನಾಗಿ ಒಪ್ಪುತ್ತೆ. ಅವ್ರನ್ನೇ ಮಲಗಿಸಿ."

ಗೆಳೆಯರಲ್ಲೊಬ್ಬ ಕಿಸಕ್ಕೆಂದ. ಕ್ರಿಸ್ಪಿನ್‌ನ ಕಿವಿ ಎಷ್ಟು ಕಾದವೆಂದರೆ ಅವುಗಳ ಮೇಲೆ ಇಡೀ ಊರಿಗೆ ಚಹದ ನೀರು ಕಾಯಿಸಬಹುದಿತ್ತು. ಪೆಟ್ಟಿಗೆಯಲ್ಲಿ ತಮ್ಮನ ಮುಖ ಮುಚ್ಚಿದ್ದು ಒಳ್ಳೆಯದಾಯಿತು ಅನ್ನಿಸಿತು.

ಗೆಳೆಯರು ಪೆಟ್ಟಿಗೆ ಇಳಿಸಿ, ಸ್ಮಶಾನದವನ ಸನಿಕೆಗಳನ್ನು ಕಿತ್ತುಕೊಂಡು, ಹಿಂದಿನ ಗೋಡೆಯ ಬದಿಯ ಬರಿ ನೆಲ ಅಗೆಯತೊಡಗಿದರು. ಅರವತ್ತು ದಾಟಿದ ಮುದುಕರು! ಹೆಗ್ಗಣಗಳು ನಾಚಿ ಊರು ಬಿಡಬೇಕು, ಹಾಗೆ ಅಗೆದರು. ಗುಂಡಿ ಮೊಣಕಾಲು ಮಟ್ಟಕ್ಕೆ ಬಂದದ್ದೇ ನಾಲ್ವರೂ ಒಟ್ಟಿಗೆ ನಿಲ್ಲಿಸಿ ಮೇಲೆ ಹತ್ತಿದರು.

"ಇಷ್ಟಕ್ಕೇ ನಿಲ್ಸಿದ್ರಾ?" ಎಂದ ಕ್ರಿಸ್ಪಿನ್.

"ಇನ್ನೂ ಕೆಳಗೆ ಹೋದ್ರೆ ನೀರು ಬರುತ್ತಲ್ಲಪ್ಪ," ಅಂದ ಅವರಲ್ಲಿ ಹಿರಿಯನಾದ ತಿಬುರ್ಸಿಯೋ. "ಆಮೇಲೆ ಅದ್ರಲ್ಲೇ ಕೂತಿರ್ಬೇಕು, ಕಾಲು ಕೊಳೆಯೋವರೆಗೂ..."

ತಾನು ನಿಂತಿದ್ದು ಆ ದ್ವೀಪದ ಕಂದಕವಲ್ಲ, ಊರಿನ ನೆಲ ಎಂದು ಆಗ ಅವನಿಗೆ ಹೊಳೆಯಿತು.

ಗೇಟಿನ ಬಳಿ ಮುಖಂಡರ ಕಾರು ಹಾರ್ನ್ ಹೊಡೆಯಿತು. ಯಾರೂ ತಿರುಗಲಿಲ್ಲ. ಕ್ರಿಸ್ಪಿನ್ ಸನಿಕೆಗೆ ಕೈ ಚಾಚಿದ, ತಿಬುರ್ಸಿಯೋ ಕೊಡಲಿಲ್ಲ. ನಾಲ್ವರ ಜೊತೆ ಅವನೂ ಅಂಚಿಗೆ ಬಗ್ಗಿದ, ಐವರೂ ಗುಂಡಿಯ ತಳದ ಒಣ ಮರಳನ್ನೇ ನೋಡುತ್ತ ನಿಂತರು, ಇನ್ನೇನು ನೀರು ಬರುತ್ತದೆ ಎಂಬಂತೆ.