ಕೆದಿಲಾಯರ ಕೊನೆಯ ಪುಟ

ಮೂವತ್ತೆರಡು ಪುಟದ ಪುಸ್ತಕದಲ್ಲಿ ಮೂವತ್ತೊಂದನ್ನು ಮಾತ್ರ ಓದಿ, ಉಳಿದ ಒಂದನ್ನು ಹಿಂಬದಿಯ ರಕ್ಷಾಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿಟ್ಟು, ಮುಂದಿನ ತಿಂಗಳ ಪುಸ್ತಕ ಕೈಗೆ ಬಂದ ಮೇಲಷ್ಟೇ ಆ ಸೂಜಿಯನ್ನು ಬಿಡಿಸುವ ಮನುಷ್ಯರನ್ನು ನೀವು ಕಂಡಿರಲಾರಿರಿ. ಸುರತ್ಕಲ್ಲಿನ ವಿಶ್ವೇಶ ಕೆದಿಲಾಯರು ಇಪ್ಪತ್ತೆರಡು ವರ್ಷ ಹೀಗೆಯೇ ಓದಿದರು. ಓದಿದ್ದಾದರೂ ಎಂಥ ಗ್ರಂಥ? ‘ನಾವಿಕ ನೀಲಕಂಠ’ ಎಂಬ ಮಕ್ಕಳ ಚಿತ್ರಕಥೆ. ಹುಬ್ಬಳ್ಳಿಯ ಒಂದು ಸಣ್ಣ ಮುದ್ರಣಾಲಯದಿಂದ ತಿಂಗಳಿಗೊಮ್ಮೆ ಬರುತ್ತಿದ್ದದ್ದು.

ಅರ್ಚಕರ ಮನೆತನ. ಬಾಲ್ಯದಲ್ಲಿ ದೇವಸ್ಥಾನದ ಬಾವಿಯಿಂದ ಅಭಿಷೇಕದ ನೀರು ಹೊತ್ತು ಹೊತ್ತು ಕಾಲಿಗೆ ಅಂಟಿದ ನಡಿಗೆ ಕೊನೆಗೂ ಬಿಡಲಿಲ್ಲ. ಬಲ್ಮಠದ ಕಾಲೇಜಿನಲ್ಲಿ ಗುಮಾಸ್ತರಾದ ಮೇಲೆ ಫೈಲು ಹಿಡಿದು ಹೋಗುವಾಗಲೂ ತುಂಬಿದ ಕೊಡ ತುಳುಕೀತೆಂಬ ಭಯದಲ್ಲಿಯೇ ಹೆಜ್ಜೆ. ಅಂಗಿಯ ಕಿಸೆಯನ್ನು ದರ್ಜಿಗೆ ಹೇಳಿ ಎರಡು ಬೆರಳು ಅಗಲವಾಗಿ ಹೊಲಿಸಿಕೊಳ್ಳುತ್ತಿದ್ದರು, ಮಡಚಿದ ನೀಲಕಂಠ ಕೂರುವಷ್ಟು. ಮಾತು ಆರಂಭವಾಗುವುದೇ ‘ಅದು ಹಾಗಲ್ಲ’ ಎಂದು. ಒಳ್ಳೆ ಮಳೆ ಬಂತೆಂದು ಯಾರಾದರೂ ಅಂದರೆ, “ಅದು ಹಾಗಲ್ಲ, ಒಳ್ಳೆಯ ಮಳೆಯೇ ಬಂತು” ಎನ್ನುವರು.

ಚಿತ್ರ ಬರೆಯುತ್ತಿದ್ದ ಪುಣ್ಯಾತ್ಮ ಸಮುದ್ರವನ್ನು ಸರಿಯಾಗಿ ಕಂಡವನಲ್ಲ ಎಂಬುದನ್ನು ಕೆದಿಲಾಯರು ಮೊದಲನೆಯ ಸಂಚಿಕೆಯಲ್ಲೇ ಪತ್ತೆಹಚ್ಚಿದ್ದರು. ನೀಲಕಂಠನ ದೋಣಿ ಎಮ್ಮೆ ನೀರು ಕುಡಿಯುವ ಬಾನಿಯ ಹಾಗಿತ್ತು. ಅಂದೇ ಒಂದು ಅಂಚೆ ಕಾರ್ಡು ಹೋಯಿತು: ದೋಣಿಯ ಮೂತಿ ಮೇಲಕ್ಕೆತ್ತಿರಬೇಕು, ಇಲ್ಲವಾದರೆ ತೆರೆಗೆ ಎದುರು ನಿಲ್ಲದು. ಮೂರನೆಯ ತಿಂಗಳಿಗೆ ಮೂತಿ ಎದ್ದಿತು. ಆಮೇಲೆ ಪ್ರತಿ ತಿಂಗಳೂ ಒಂದು ಕಾರ್ಡು. ಬಲೆ, ಹುಟ್ಟು, ಅಳಿವೆ, ಕಡಲಿನ ಬಣ್ಣ ಎಲ್ಲವೂ ಒಂದೊಂದಾಗಿ ತಿದ್ದಿಕೊಂಡವು. ಅತ್ತಲಿಂದ ಎಂದೂ ಕಾಗದ ಬರಲಿಲ್ಲ; ಬಂದ ಉತ್ತರವೆಲ್ಲ ಚಿತ್ರದಲ್ಲಿಯೇ.

ಕೊನೆಯ ಪುಟದ ವ್ರತ ಎಲ್ಲಿಂದ ಬಂತೆಂದು ಕೇಳಿದರೆ ಹೆಂಡತಿ ಗಿರಿಜಮ್ಮ ತಮ್ಮ ಅತ್ತೆಯ ಹೆಸರು ಹೇಳುವರು. ಆ ಮುದುಕಿ ಅಕ್ಕಿ ಮುಗಿದರೆ ‘ಹೆಚ್ಚಾಯಿತು’ ಎಂದವರು, ದೀಪ ಆರಿಸುವುದಕ್ಕೆ ‘ದೊಡ್ಡದು ಮಾಡು’ ಎಂದವರು, ಅನ್ನದ ಪಾತ್ರೆಯ ತಳದಲ್ಲಿ ಒಂದು ಹಿಡಿ ಉಳಿಸದೆ ಎಂದೂ ಎದ್ದವರಲ್ಲ. “ಅವರು ಅನ್ನ ಉಳಿಸಿದ್ರು, ಇವರು ಪುಟ ಉಳಿಸ್ತಾರೆ. ಅನ್ನವನ್ನಾದ್ರೂ ಮರುದಿನ ಒಗ್ಗರಣೆ ಹಾಕ್ಬಹುದಿತ್ತು” ಎಂಬುದು ಗಿರಿಜಮ್ಮನ ಕುಟುಕು.

ಮೊನ್ನೆ ಮಾರ್ಚಿನಲ್ಲಿ ನೀಲಕಂಠ ಬರಲಿಲ್ಲ. ಏಪ್ರಿಲಿನಲ್ಲೂ ಇಲ್ಲ. ಸುರತ್ಕಲ್ ಬಸ್‌ಸ್ಟ್ಯಾಂಡಿನ ಬಳಿ ಪತ್ರಿಕೆ ಮಾರುವ ಮೊರಿಸ್, “ಬರ್ಲಿಲ್ಲ ಭಟ್ರೇ” ಎಂದು ಮೆಲ್ಲಗೆ ಹೇಳಿ ಸ್ಟೂಲು ಎಳೆದು ಕೊಡುವನು. ಕೆದಿಲಾಯರು ತುಸು ಹೊತ್ತು ಕುಳಿತು ಎದ್ದು ಹೋಗುವರು. ಮೇ ತಿಂಗಳಲ್ಲಿ ಸಹನೆ ತಪ್ಪಿತು.

“ಎಂತ ಮಾರಾಯ, ಏಜೆಂಟನಿಗೆ ಒಂದು ಫೋನಾದರೂ ಮಾಡಬಾರದಾ?”

ಮೊರಿಸ್ ಅವರ ಮುಖವನ್ನೇ ನೋಡಿದ. “ತಮಾಷೆ ಮಾಡ್ತೀರಾ? ಫೆಬ್ರವರಿಯದ್ರಲ್ಲೇ ಹಾಕಿದ್ರಲ್ಲ, ನಿಲ್ಲಿಸ್ತೇವೆ ಅಂತ. ಕೊನೆ ಪುಟದಲ್ಲಿ. ನಿಮಗೆ ಗೊತ್ತುಂಟು, ಬೇಜಾರಿಗೆ ಬಂದು ಕೂತ್ಕೊಳ್ತೀರಿ ಅಂತ ನಾನು ಎಣಿಸಿದ್ದು.”

ಕೆದಿಲಾಯರು ಆ ದಿನ ಮನೆಗೆ ನಡೆದದ್ದನ್ನು ಕಂಡವರು, ಅವರ ತಲೆಯ ಮೇಲಿನ ಕೊಡ ಎಲ್ಲಿಯೋ ಬಿದ್ದುಹೋಗಿತ್ತೆಂದು ಹೇಳಿಯಾರು. ಕಪಾಟಿನಿಂದ ಫೆಬ್ರವರಿಯ ಸಂಚಿಕೆ ತೆಗೆದು ಸೂಜಿ ಬಿಡಿಸಿದರು. ಪುಟದ ಮೇಲರ್ಧದಲ್ಲಿ ನೀಲಕಂಠ ಅಳಿವೆಯ ಬಾಯಲ್ಲಿ ದೋಣಿ ತಿರುಗಿಸುತ್ತಿದ್ದ. ಕೆಳಗೆ ನಾಲ್ಕು ಸಾಲು: ಓದುಗರು ಕಡಿಮೆಯಾಗಿದ್ದಾರೆ, ನಿಲ್ಲಿಸುವ ಯೋಚನೆಯಿದೆ, ಮುಂದುವರಿಯಬೇಕು ಎನ್ನುವವರು ತಿಂಗಳೊಳಗೆ ಒಂದು ಕಾರ್ಡು ಹಾಕಿ. ಅಡಿಯಲ್ಲಿ ವಿಳಾಸ, ಫೋನ್ ನಂಬರು.

ಇಪ್ಪತ್ತೆರಡು ವರ್ಷ ಯಾರೂ ಕೇಳದೆ ಕಾರ್ಡು ಬರೆದ ಮನುಷ್ಯ, ತಿದ್ದಲು ತಪ್ಪೊಂದೂ ಸಿಗದೆ, ಕೇಳಿದ ಒಂದೇ ತಿಂಗಳು ಬರೆದಿರಲಿಲ್ಲ.

ಗಿರಿಜಮ್ಮನೇ ನಂಬರು ಒತ್ತಿ ಫೋನನ್ನು ಅವರ ಕೈಗೆ ಕೊಟ್ಟರು. ಎತ್ತಿದವರು ಚಿತ್ರ ಬರೆಯುತ್ತಿದ್ದವರೇ. ಕೆದಿಲಾಯರು ಹೆಸರು ಹೇಳಿದ್ದೇ ತಡ, ಅತ್ತಲಿಂದ ದನಿ ಏರಿತು.

“ಸುರತ್ಕಲ್ ಸರ್? ನೀವು ಅದೀರೇನ್ರಿ? ಬಂದ ಕಾರ್ಡ್ ಒಂದೊಂದ ತಗದ ನೋಡಿದೆ ನಾ. ನಿಮ್ಮದ ಒಂದ ಇರಲಿಲ್ಲ. ಸರ್ ಹೋಗಿಬಿಟ್ಟಾರ ಅಂದ್ಕೊಂಡೆ. ನನ್ನ ದೋಣಿ ತಿದ್ದೋ ಮನಿಷ್ಯಾನ ಇಲ್ಲ ಅಂದ ಮ್ಯಾಲೆ ಇನ್ನ ಯಾರ ಸಲುವಾಗಿ ಬರೀಲಿ ಅನಸ್ತು.”

“ನಾನು ಆ ಪುಟ ಓದಿರಲಿಲ್ಲ. ಈಗ ಬರೆದರೆ ಆಗ್ತದಾ?”

“ಪ್ರಿಂಟಿಂಗ್ ಮಷೀನ್ ಮಾರಿಬಿಟ್ವ್ರಿ ಸರ್.” ಆಮೇಲೆ, “ಯಾಕ ಓದಿರಲಿಲ್ರೀ?”

“ಮುಗಿದುಹೋಗ್ತದಲ್ಲ, ಅದಕ್ಕೆ” ಎಂದರು ಕೆದಿಲಾಯರು.

ಇಂಥವರು ಲೋಕದಲ್ಲಿ ಕಡಿಮೆಯೇನಲ್ಲ. ಒಳ್ಳೆಯ ಸೀರೆಯನ್ನು ಉಡದೆ ಮಡಿಕೆಯಲ್ಲಿಯೇ ನವೆಯಲು ಬಿಡುವವರು, ಆಪ್ತನಿಗೆ ಹೇಳಬೇಕಾದ ಒಂದು ಮಾತನ್ನು ಇನ್ನಷ್ಟು ಒಳ್ಳೆಯ ದಿನಕ್ಕೆಂದು ಕಾದಿರಿಸುವವರು. ಅವರನ್ನು ಜಿಪುಣರೆನ್ನಲಾಗದು, ಅಂಜುಕುಳಿಗಳೆಂದರೂ ಅನ್ಯಾಯವಾದೀತು. ಪ್ರೀತಿಸಿದ್ದನ್ನು ತೀರಿಸಿಬಿಡಲು ಅವರಿಗೆ ಕೈ ಬಾರದು, ಅಷ್ಟೆ. ಅವರು ಅಷ್ಟು ಜೋಪಾನದಿಂದ ಕಾಯುತ್ತಿರುವಾಗ, ಅದು ಅತ್ತ ತನ್ನನ್ನು ಬೇಕೆನ್ನುವವರು ಯಾರೂ ಉಳಿದಿಲ್ಲವೆಂದು ತಿಳಿದು, ಯಾರಿಗೂ ಹೇಳದೆ ಎದ್ದು ಹೋಗಿರುತ್ತದೆ.