ಹಬ್ಬದ ಹಲ್ಲು

ನಾನು ಒಂದು ಹಲ್ಲಿನ ಸೆಟ್. ಮುದುಕರದಲ್ಲ, ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಹುಬ್ಬಳ್ಳಿಯ ದಂತ ಆಸ್ಪತ್ರೆಯೊಂದರಲ್ಲಿ ಅಚ್ಚಿಗೆ ಬಿದ್ದು, ಬೆಂದು, ಉಜ್ಜಿಸಿಕೊಂಡು ಹುಟ್ಟಿದೆ. ಬೇರೆ ಹಲ್ಲುಗಳು ಬಾಯಲ್ಲೇ ಹುಟ್ಟುತ್ತವೆ. ನಾನು ಹುಟ್ಟಿದ ಮೇಲೆ ಬಾಯಿ ಸೇರಿದೆ.

ಅದು ಆರು ವರ್ಷದ ತುಂಗಾಳ ಬಾಯಿ. ಹುಟ್ಟಿನಿಂದಲೇ ಅವಳಿಗೆ ಹಲ್ಲಿಲ್ಲ, ಬೆವರಿಲ್ಲ, ತಲೆಯ ಮೇಲೆ ನಾಲ್ಕೆಳೆ ಕೂದಲು. ಅವಳನ್ನು ಸಾಕಿದ ಅಜ್ಜಿ ನಿಂಬೆವ್ವನಿಗೆ ಡಾಕ್ಟರ್ ಫರ್ಜಾನಾ ತಿಳಿಸಿ ಹೇಳಿದರು: "ಇದು ರಕ್ತದಾಗ ಬರೂ ತೊಂದ್ರಿ, ಅಜ್ಜೀ. ಮುಂದ ಇಕಿ ಮಕ್ಕಳಿಗೂ ಬರಬಹುದು. ಹಲ್ಲು ದಿನಾ ಹಾಕ್ರಿ, ತಗದಾಗ ನೀರಾಗ ಇಡ್ರಿ. ದವಡಿ ಬೆಳೀತೈತಿ, ಆರು ತಿಂಗಳಿಗೊಮ್ಮೆ ಕರಕೊಂಡು ಬರ್ರಿ. ಎರಡು ವಾರ ಮೆತ್ತಗಿಂದು ತಿನ್ನಲಿ, ಆಮ್ಯಾಲೆ ರೊಟ್ಟಿ."

ತುಂಗಾ ಕನ್ನಡಿ ಬಿಟ್ಟು ಏಳಲಿಲ್ಲ. ಅಲ್ಲಿಂದಲೇ ಅಜ್ಜಿಗೆ ಹೇಳಿದಳು: "ಆಯೀ, ಖಡಕ್ ರೊಟ್ಟಿ ಕಟುಂ ಅಂತ ಕಡೀತೀನಿ, ನೋಡ್ತಿರು!" ಅಲ್ಲಿಯವರೆಗೆ ಅವಳ ರೊಟ್ಟಿ ಸಾರಿನಲ್ಲಿ ಮುಳುಗಿ, ಸತ್ತ ಮೇಲೇ ಬಾಯಿಗೆ ಬರುತ್ತಿತ್ತು.

ಎರಡು ವಾರ ತುಂಬುವ ಮೊದಲೇ ನಿಂಬೆವ್ವ ನನ್ನನ್ನು ಎತ್ತಿಟ್ಟಳು. ಇಳಕಲ್ ಸೀರೆ, ಬಂಗಾರದ ಬೋರಮಾಳ ಸರ, ಬೆಳ್ಳಿ ಬಟ್ಟಲು: ಆ ಮನೆಯಲ್ಲಿ ಪ್ರೀತಿಯೆಂದರೆ ಎತ್ತಿಡುವುದು. "ದಿನಾ ಹಾಕಿದ್ರ ಸವೀತಾವ, ಕೂಸ. ಚಿಗವ್ವನ ಮದುವ್ಯಾಗ ಹಾಕ್ಕೊಳ್ಳುವಂತಿ."

ಹತ್ತಿಯಲ್ಲಿ ಸುತ್ತಿ ಬೋರಮಾಳದ ಡಬ್ಬಿಗೆ ಹಾಕಿದಳು. ನೀರಲ್ಲಿರಬೇಕಾದ ನಾನು ಬಂಗಾರದ ಪಕ್ಕ ಒಣಗಿದೆ. ಕತ್ತಲಲ್ಲಿ ಎಷ್ಟು ಹಲ್ಲು ಕಿಸಿದರೇನು, ನೋಡುವವರು ಯಾರು? ಆಸ್ಪತ್ರೆಯ ಮಾತು ಬಂದಾಗಲೆಲ್ಲ ಮುಚ್ಚಳ ತೆಗೆದು, "ಹೊಸಾವ ಅದಾವಲ್ಲ, ಮತ್ಯಾಕ ಹೋಗೂದು?" ಎನ್ನುತ್ತಿದ್ದಳು. ನಿಜ, ನಾನು ಹೊಸದಾಗಿಯೇ ಇದ್ದೆ. ಬೆಳೆದದ್ದು ಹುಡುಗಿ.

ಎರಡು ವರ್ಷಕ್ಕೆ ಚಿಕ್ಕಮ್ಮನ ಮದುವೆ ಬಂತು. ಸೆಕೆ ತಡೆಯಲು ತಲೆಗೆ ಒದ್ದೆ ಬಟ್ಟೆ ಹೊದ್ದ ತುಂಗಾ, ಪಂಕ್ತಿಯಲ್ಲಿ ಕುಳಿತು ನನ್ನನ್ನು ಬಾಯಿಗೆ ತುರುಕಿಕೊಂಡಳು. ಓರಗೆಯ ಮಕ್ಕಳು ಮುತ್ತಿದರು. "ಕಡಿಯಲೇ, ಸಪ್ಪಳ ಕೇಳೂಣು!"

ಕಡಿದಳು. ಸಪ್ಪಳ ಬಂತು. ರೊಟ್ಟಿಯದಲ್ಲ, ನಾನು ಜಾರಿ ತಾಟಿಗೆ ಬಿದ್ದದ್ದು. ಒಸಡಿನಿಂದ ರಕ್ತ. ಮಕ್ಕಳು ಹಲ್ಲು ಬಿಟ್ಟು ನಕ್ಕರು. ಅವರಿಗೆ ಇದ್ದವಲ್ಲ, ಬಿಟ್ಟರು.

ತುಂಗಾ ಅಳಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ಅದ್ದಿ, ಮೆತ್ತಗಾಗಲೆಂದು ಕಾಯುತ್ತ ಕುಳಿತಳು.

ಒಂದು ತುಣುಕು ರೊಟ್ಟಿಯನ್ನೂ ಅಗಿಯದೆ ನಾನು ಮುದಿಯಾದೆ. ಈಗಲೂ ಅದೇ ಡಬ್ಬಿ, ಅದೇ ಹತ್ತಿ. ಮದುವೆಯ ಆ ದಿನ ನನ್ನನ್ನು ತೊಳೆದು ಸುತ್ತುವಾಗ ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಮ್ಮಗಳ ತಲೆ ಸವರಿದ್ದಳು.

"ಇರ್ಲಿ ಬಿಡ, ಕೂಸ. ಜ್ವಾಕಿ ಇಡ್ತೀನಿ. ಮುಂದ ನಿನ್ನ ಮಗಳಿಗರ ಆಗ್ತಾವ."

ನನಗೆ ಹಲ್ಲುಂಟು, ನಾಲಿಗೆಯಿಲ್ಲ. ಡಬ್ಬಿ ಮುಚ್ಚಿತು.