ಬಾಯಿ ಕಟ್ಟಿದ ಪುಸ್ತಕ

ದುಡ್ಡು ಕೊಟ್ಟು ಕೊಂಡ ಪುಸ್ತಕ ಓದಲು ಬರದಿದ್ದರೆ ಸಿಟ್ಟು ಬರುತ್ತದೋ ಇಲ್ಲವೋ ಹೇಳಿ. ದುಮ್ಮವಾಡದ ಅಮೃತಾಗೆ ಒಂದು ತಿಂಗಳಿಂದ ಬರುತ್ತಲೇ ಇತ್ತು.

ಹುಟ್ಟಿನಿಂದ ಕಣ್ಣಿಲ್ಲದ ಅಮೃತಾ ಎಂ.ಎ. ಮುಗಿಸಿದ್ದು ಕಿವಿಯಿಂದಲೇ. ಅವಳ ಫೋನು ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದೆ: ಗೋವಿನಜೋಳದ ದರ, ಗೆಳತಿಯರ ಚಾಡಿ, ಬೇಡದ ಜಾಹೀರಾತು, ಎಲ್ಲ. ಹೈಸ್ಕೂಲು ಇತಿಹಾಸ ಶಿಕ್ಷಕರ ಪರೀಕ್ಷೆ ಹತ್ತಿರ ಬಂತೆಂದು, ಎಲ್ಲರೂ ಹೊಗಳುವ ಒಂದು ಕೈಪಿಡಿಯನ್ನು ಕೊಂಡು ಅದೇ ಫೋನಿಗೆ ಇಳಿಸಿಕೊಂಡಳು. ಅದರ ಕಾಗದದ ಪ್ರತಿ ಎಲ್ಲಿಯೂ ಸಿಗುತ್ತಿರಲಿಲ್ಲ. ತೆರೆದಳು. "ಪುಟ ಒಂದು," ಎಂದಿತು ಫೋನು. ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ.

ಯಾರೂ ನಕಲು ಮಾಡಬಾರದೆಂದು ಪ್ರಕಾಶಕರು ಪುಸ್ತಕಕ್ಕೆ ಬೀಗ ಹಾಕಿದ್ದರು; ಅಕ್ಷರ ಕಣ್ಣಿಗೆ ಕಾಣುತ್ತಿದ್ದವು, ಫೋನಿನ ಓದುವ ದನಿಗೆ ಸಿಗುತ್ತಿರಲಿಲ್ಲ. ಕಳ್ಳ ಯಾರು, ಕಣ್ಣಿಲ್ಲದವಳು ಯಾರು ಎಂದು ತಿಳಿಯುವ ಬುದ್ಧಿ ಆ ಬೀಗಕ್ಕೆ ಎಲ್ಲಿಂದ ಬರಬೇಕು? ಸಹಾಯವಾಣಿಗೆ ಫೋನು ಮಾಡಿದರೆ ಒಬ್ಬಳು ಜೇನು ಸುರಿಸಿದಳು: "ಮನೇಲಿ ಯಾರಾದ್ರೂ ಕಣ್ಣು ಕಾಣೋರ ಹತ್ರ ಓದಿಸ್ಕೊಳ್ಳಿ ಮೇಡಂ."

"ಹಂಗಾದ್ರ ಓದಾಕ ನಿಮ್ಮ ಕಂಪನಿ ಒಬ್ರನ್ನ ಕಳಸ್ತೈತೇನ್ರಿ?" ಎಂದು ಅಮೃತಾ ಕೇಳಿದ್ದಕ್ಕೆ ಲೈನು ಕಟ್ಟಾಯಿತು.

ಮನೆಯಲ್ಲಿ ಓದುವವರಿಗೇನೂ ಬರವಿರಲಿಲ್ಲ. ಸಂಗನಬಸವ ಕಾಕಾ ಪ್ರತಿ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವವರು. ಕಂಠ ಅಂದರೆ ಕಂಠ. ಆದರೆ ಎದುರಿಗೆ ಜನ, ಬಾಯಿಯ ಮುಂದೆ ಮೈಕು ಇಲ್ಲದಿದ್ದರೆ ಅವರಿಗೆ ನಾಲಿಗೆಯೇ ಹೊರಳದು.

"ಮನ್ಯಾಗ ಕುಂತು ಓದ್ರಿ ಕಾಕಾ. ನನಗೊಬ್ಬಾಕಿಗೆ ಕೇಳಿದ್ರ ಸಾಕು."

"ಒಬ್ಬಾಕಿಗೆ ಏನ್ ಓದೂದು ತಂಗಿ? ದಿನಾ ಪುರಾಣ ಮುಗದ ಮ್ಯಾಲೆ ಮಠದಾಗನ ಓದತೇನಿ. ಊರೂ ನಾಕು ಮಾತು ಕೇಳಲಿ."

ಕೇಳಿತು. ಕಾಕಾ ಅವಳ ಫೋನನ್ನೇ ವ್ಯಾಸಪೀಠದ ಮೇಲಿಟ್ಟು ಓದಿದರು. ಒಬ್ಬಳ ಕಿವಿಗೆ ಬೀಳದಂತೆ ಬೀಗ ಜಡಿದಿದ್ದ ಪುಸ್ತಕವನ್ನು ಇಡೀ ದುಮ್ಮವಾಡ ಪುಕ್ಕಟೆ ಕೇಳಿತು. ಅಧ್ಯಾಯ ಮುಗಿದಾಗಲೆಲ್ಲ ಜನ ರೂಢಿಯಂತೆ "ಹರ ಹರ ಮಹಾದೇವ" ಎಂದರು. ಹಿಂದಿನ ಸಾಲು ಇನ್ನೊಮ್ಮೆ ಬೇಕೆಂದು ಅಮೃತಾ ಕೈ ಎತ್ತಿದರೆ, ಪುರಾಣ ಹಿಂದಕ್ಕೆ ಹೋಗುವುದಿಲ್ಲವೆಂದು ಹಿರಿಯರು ಸುಮ್ಮನಾಗಿಸಿದರು. ಇಸವಿಗಳ ಪಟ್ಟಿ ಬಂದರೆ ಕಾಕಾ ಗಂಟಲು ಸರಿಮಾಡಿಕೊಂಡು ದಾಟಿಬಿಡುತ್ತಿದ್ದರು.

ರಕ್ಕಸತಂಗಡಿಯ ಯುದ್ಧ ಬಂದ ದಿನ ಅವಳು ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ದಂಡು ಸೇರಿತು, ತೋಪು ಹಾರಿತು, ರಾಮರಾಯ ಶತ್ರುಗಳ ಕೈಗೆ ಸಿಕ್ಕ. ಅಲ್ಲಿಗೆ ಕಾಕಾ ಒಂದು ಉಸಿರು ತೆಗೆದುಕೊಂಡು, ಕೆಳದಿಯ ನಾಯಕರ ಪಟ್ಟಾಭಿಷೇಕ ಓದತೊಡಗಿದರು. ಮಂಗಳಾರತಿಯೂ ಆಗಿಹೋಯಿತು.

"ಕಾಕಾ, ರಾಮರಾಯ ಏನಾದ? ವಿಜಯನಗರ ಏನಾತು?" ಮನೆಯ ದಾರಿಯಲ್ಲಿ ಅಮೃತಾ ಕೇಳಿದಳು.

"ಸಾವಿನ್ಯಾಗ ನಿಂದ್ರಿಸಿ ಮಂಗಳಾರತಿ ಮಾಡೂದು ಅಶುಭ ಬೇ. ಪಟ್ಟಾಭಿಷೇಕಕ್ಕ, ಇಲ್ಲಾ ಲಗ್ನಕ್ಕ ನಿಂದ್ರಸಬೇಕು."

"ಹಂಗಾದ್ರ ಇಷ್ಟ ದಿನಾ ಓದಿದ್ದು?"

"ಸತ್ತವ್ರನ್ನೆಲ್ಲಾ ದಾಟೇ ಬಂದೇನಿ," ಎಂದರು ಕಾಕಾ ಹೆಮ್ಮೆಯಿಂದ.

ಸಾವು, ಸೋಲು ತೆಗೆದರೆ ಇತಿಹಾಸದಲ್ಲಿ ಉಳಿಯುವುದೇನು, ಮಣ್ಣು? ಪರೀಕ್ಷೆ ನೋಡಿದರೆ ಬರುವ ರವಿವಾರ. ಪ್ರೀತಿಯಿಂದ ಓದಿದ ಕಾಕಾನಿಗೆ ಬೈಯುವಂತಿಲ್ಲ, ಕಂಪನಿಗೆ ಬೈದರೆ ಮುಟ್ಟುವುದಿಲ್ಲ. ಹಂಗಿನ ಊಟ ಹೇಗೋ ಇಳಿದೀತು, ಹಂಗಿನ ಓದು ಅವಳಿಗೆ ಸಾಕುಸಾಕಾಗಿತ್ತು.

ಮರುದಿನ ಕಲಘಟಗಿಯ ಬಸ್ಸು ಹತ್ತಿ ಸುದೀಪನ ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಥ ಬೀಗ ತೆಗೆಯಲು ಅವನಿಗೆ ಬರುತ್ತಿತ್ತು. ಧೈರ್ಯ ಮಾತ್ರ ಬರುತ್ತಿರಲಿಲ್ಲ.

"ಕೇಸ್ ಆಗ್ತೈತ್ರಿ ಅಕ್ಕಾರ. ಕಾಪಿರೈಟು."

"ಆಗೂದಿಲ್ಲೋ. ಕಣ್ಣಿಲ್ಲದವ್ರು ಓದೂ ಹಂಗ ಪುಸ್ತಕ ಮಾಡ್ಕೋಬಹುದು ಅಂತ ಕಾಯಿದೇದಾಗನ ಐತಿ. ಅದಕ್ಕಂತ ಬೀಗಾನೂ ತಗೀಬಹುದು."

ಹಿಂದಿನ ರಾತ್ರಿ ತನ್ನಂಥವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಕ್ಕೆ ವಕೀಲರೊಬ್ಬರು ಕಲಮಿನ ಸಮೇತ ವಿವರಿಸಿ ಕಳಿಸಿದ್ದ ಧ್ವನಿಯನ್ನು ಅವನಿಗೂ ಕೇಳಿಸಿದಳು. ಬೀಗ ತೆಗೆದುಕೊಡುವವನು ಅದನ್ನು ಯಾರಿಗಾಗಿ, ಯಾಕಾಗಿ ತೆಗೆದೆ ಎಂದು ಬರೆದಿಟ್ಟುಕೊಳ್ಳಬೇಕು, ಅಷ್ಟೆ.

ಸುದೀಪ ಪೆನ್ನು ಹುಡುಕಿ ಹೆಸರು ಬರೆದ, ಊರು ಬರೆದ. "ಯಾಕಂತ ಬರೀಲ್ರಿ?"

"ಯಾಕಂದ್ರ? ಓದಾಕ! ಪುಸ್ತಕಾ ತಗೊಂಡು ಮತ್ತೇನ್ ಮಾಡ್ತಾರ, ಉಪ್ಪಿನಕಾಯಿ ಹಾಕ್ತಾರ?"

ಝೆರಾಕ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು. ಅವನು "ಓದಲು" ಎಂದು ಬರೆದ.

ತರಿಸಿದ ಚಹಾ ಆರುವ ಮೊದಲೇ ಬೀಗ ಹೋಗಿತ್ತು. ಅಮೃತಾ ರಕ್ಕಸತಂಗಡಿಯ ಪುಟ ಹುಡುಕಿ ಬೆರಳಿಟ್ಟಳು. ಫೋನು ಓದಿತು. ರಾಮರಾಯನ ತಲೆ ಬಿತ್ತು, ವಿಜಯನಗರ ಸುಲಿಗೆಯಾಯಿತು. ಹಿಂದಕ್ಕೆ ಹೋಗಿ ಅದನ್ನೇ ಇನ್ನೊಮ್ಮೆ ಕೇಳಿದಳು. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

"ಯಾಕ್ರೀ ಅಕ್ಕಾರ, ಅಳಾಕತ್ತೀರಿ? ಕೆಲಸ ಆತಲ್ರಿ."

"ಆತು ಅಂತನ ಅಳಾಕತ್ತೇನಿ," ಎಂದಳು ಅಮೃತಾ. "ಚಾ ಆರೂದ್ರಾಗ ಆಗೂ ಕೆಲಸಕ್ಕ ಆ ಕಂಪನಿಯವ್ರು ನಂದೊಂದು ತಿಂಗಳು ನುಂಗಿದ್ರಲ್ಲೋ. ಇವತ್ತ ಶುಕ್ರವಾರ, ರವಿವಾರ ಪರೀಕ್ಷೆ."